ಸ್ಯಾಂಪಲ್ ಮನೆಯ ಗಂಡ ಹೆಂಡತಿ

ಏಪ್ರಿಲ್ 5, ಶನಿವಾರ

ಹಾಂ, ಕೆಂಪು ಚುಕ್ಕೆ ಬಂತು. ರೆಕಾರ್ಡ್ ಆಗ್ತಾ ಉಂಟು. ನಾನು ಆಸ್ಟಿನ್. ನನಗೆ ನಾನೇ ಹೆಸರು ಹೇಳಿಕೊಳ್ಳುವುದು ಎಂತಕ್ಕೆ? ಅಭ್ಯಾಸ, ಮಾರಾಯ. ಗಲ್ಫಿನಲ್ಲಿ ಇದ್ದ ಅಷ್ಟೂ ವರ್ಷ ಸಂಜೆಯಾದರೆ ವೆರೊನಿಕಾಗೆ ವಾಯ್ಸ್ ಮೆಸೇಜ್ ಕಳಿಸ್ತಿದ್ದೆ. ಅವಳು ಉದ್ಯಾವರದ ನಮ್ಮ ಮನೆಯಲ್ಲಿ ಮೀನು ಕೊಯ್ಯುತ್ತಾ ಕೇಳ್ತಿದ್ದಳು. ಈಗ ಅವಳು ಇದೇ ಮನೆಯಲ್ಲಿ, ಗೋಡೆಯ ಆಚೆ ಬದಿಯಲ್ಲಿ ಇದ್ದಾಳೆ. ಗೋಡೆಯಾಚೆ ಇರುವ ಹೆಂಡತಿಗೆ ವಾಯ್ಸ್ ಮೆಸೇಜ್ ಕಳಿಸಿದರೆ ಹುಚ್ಚು ಅಂತಾರೆ. ಎದುರು ಕೂತು ಮಾತಾಡುವ ಅಂದರೆ ಇಬ್ಬರಿಗೂ ನಾಚಿಕೆ. ಹಾಗಾಗಿ ಇದು ನನಗೇ ಇರಲಿ. ಕೊಂಕಣಿಯಲ್ಲಿ ಮಾತಾಡಿದರೆ ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿದ ಹಾಗೆ ಆಗ್ತದೆ, ಅದಕ್ಕೆ ಕನ್ನಡ.

ವಿಷಯ ಎಂತ ಅಂದರೆ, ನಾವು ಇವತ್ತು ಸ್ಯಾಂಪಲ್ ಮನೆಗೆ ಬಂದೆವು. ಕಾರ್ಕಳದ ಈಚೆ, ಈ ಪದವಿನ ಮೇಲೆ, ಅಂದರೆ ಬೋಳು ಕಲ್ಲುಬಯಲಿನ ಮೇಲೆ, ನಮ್ಮ ಕಂಪೆನಿ ಗೋಲ್ಫ್ ಮೈದಾನ ಮಾಡಿ ಸುತ್ತ ಮನೆಗಳನ್ನು ಮಾರುವುದು. ಮೈದಾನದ ಹುಲ್ಲು ನನ್ನ ಜವಾಬ್ದಾರಿ. ಗಲ್ಫಿನಲ್ಲಿ ಮರಳಿನ ಮೇಲೆ ಹುಲ್ಲು ಬೆಳೆಸಿದವನು ನಾನು, ಇಲ್ಲಿ ಮುರಕಲ್ಲಿನ ಮೇಲೆ ಬೆಳೆಸ್ತಾ ಇದ್ದೇನೆ. ಸದ್ಯಕ್ಕೆ ಮುಗಿದದ್ದು ಒಂದೇ ಮನೆ. ಖಾಲಿ ಮನೆ ನೋಡಿದರೆ ಯಾರೂ ತಗೊಳ್ಳುವುದಿಲ್ಲ, ಒಂದು ಸಂಸಾರ ಇದ್ದರೆ ಮನೆಗೆ ಜೀವ ಬರ್ತದೆ ಅಂತ ಸೇಲ್ಸಿನ ಶರೋನ್ ಹೇಳಿದಳು. ಮಣಿಪಾಲದಲ್ಲಿ ಕಲಿತ ಹುಡುಗಿ, ಬಾಯಿ ಜೋರು. "ಅಂಕಲ್, ನೀವು ಆಂಟಿಯನ್ನು ಕರ್ಕೊಂಡು ಬಂದು ಇರಿ. ನಾರ್ಮಲ್ ಆಗಿ ಇರಿ, ಸಾಕು."

ನಾರ್ಮಲ್ ಆಗಿ ಇರುವುದು ಅಂದರೆ ಹೇಗೆ ಅಂತ ನಮಗೆ ಗೊತ್ತಿದ್ದರೆ ಅಲ್ವಾ!

ಜನವರಿಯಲ್ಲಿ ಗಲ್ಫ್ ಬಿಟ್ಟು ಬಂದೆ, ಫೆಬ್ರವರಿಯಲ್ಲಿ ಈ ಕೆಲಸ. ಸೂರ್ಯ ಮೂಡುವ ಮೊದಲು ಹುಲ್ಲಿಗೆ ನೀರು ಬಿಡಬೇಕು, ಹಾಗಾಗಿ ಸೈಟಿನಲ್ಲೇ ವಾಸ. ವೆರೊನಿಕಾ ಉದ್ಯಾವರದಲ್ಲಿ. ಮಗಳು ರೀನಾ ಕಾಪುವಿನಿಂದ ಫೋನ್ ಮಾಡಿ, "ಪಪ್ಪಾ, ಅಷ್ಟು ದೂರದಿಂದ ಇಷ್ಟು ಹತ್ತಿರ ಬಂದು ಪುನಃ ಫೋನಿನಲ್ಲೇ ಸಂಸಾರವಾ?" ಅಂತ ನಗಾಡಿದಳು. ಕೊನೆಗೆ ವೆರೊನಿಕಾ ಒಪ್ಪಿದ್ದು ಹೀಗೆ: "ಮಳೆ ಬರುವವರೆಗೆ ಇರ್ತೇನೆ. ಮಳೆ ಹಿಡಿದ ಮೇಲೆ ನಾನು ನನ್ನ ಮನೆಗೆ."

ನನ್ನ ಮನೆ ಅಂದಳು. ನಮ್ಮ ಅಂತ ಅಲ್ಲ. ತಪ್ಪು ಹೇಳಲಿಕ್ಕೆ ಆಗುವುದಿಲ್ಲ, ನಾನು ಆ ಮನೆಯಲ್ಲಿ ಇದ್ದದ್ದು ರಜೆಯಲ್ಲಿ ಮಾತ್ರ. ಆದರೆ ಅವಳು ಹೋದರೆ ಮತ್ತೆ ನಾವು ಫೋನಿನ ಗಂಡ ಹೆಂಡತಿಯೇ. ನನಗೆ ಅದು ಸಾಕಾಗಿದೆ. ಅವಳಿಗೆ ಸಾಕಾಗಿದೆಯಾ ಇಲ್ಲವಾ, ಗೊತ್ತಿಲ್ಲ.

ಏಪ್ರಿಲ್ 13, ಗರಿಗಳ ಭಾನುವಾರ

ಇವತ್ತು ಮೊದಲ ಗಿರಾಕಿಗಳು. ಬೆಂಗಳೂರಿನವರು, ಎರಡು ಕಾರು. ನಾವು ಇಗರ್ಜಿಯಿಂದ ಗರಿ ಹಿಡಿದು ಬರುವಾಗ ಅವರು ಆಗಲೇ ನಮ್ಮ ಸೋಫಾದಲ್ಲಿ. ನಮ್ಮದಲ್ಲ, ಕಂಪೆನಿಯ ಸೋಫಾ.

ಶರೋನ್ ಶುರು ಮಾಡಿದಳು. ಒಂದು ಮರ ಕಡಿದಿಲ್ಲ. ಗೋಡೆ ಇಲ್ಲಿನದೇ ಕಲ್ಲು. ಎಸಿ ಬೇಡ, ಗಾಳಿ ತಾನೇ ಆಡ್ತದೆ. ಹುಲ್ಲಿಗೆ ಬಾವಿ ನೀರು ತೆಗೆಯುವುದಿಲ್ಲ, ಹಳೆ ಕಲ್ಲುಕೋರೆಯಲ್ಲಿ ನಿಂತ ಮಳೆ ನೀರು, ಮನೆಗಳ ಬಚ್ಚಲ ನೀರು ಶುದ್ಧ ಮಾಡಿ ಬಿಡುವುದು. ಇದೆಲ್ಲ ನಿಜ. ಆಕಾಶ ಶುಭ್ರ ಇದ್ದರೆ ಬಾಲ್ಕನಿಯಿಂದ ಕಾಪುವಿನ ದೀಪಸ್ತಂಭ ಕಾಣ್ತದೆ ಅಂತಲೂ ಹೇಳಿದಳು. ಅದು ನನಗೆ ಇದುವರೆಗೆ ಕಂಡಿಲ್ಲ.

ಆಮೇಲೆ ಒಬ್ಬ ಹೆಂಗಸು ವೆರೊನಿಕಾ ಹತ್ತಿರ ಕೇಳಿದರು, "ಆಂಟಿ, ನಿಜವಾಗಿ ಸೆಕೆ ಆಗಲ್ವಾ?"

ಇವಳು ಸೀದಾ, "ಆಗ್ತದೆ. ಮಧ್ಯಾಹ್ನ ಇಲ್ಲಿ ಕೂತರೆ ಬೇಯ್ತದೆ. ಹಿಂದಿನ ಕೋಣೆ ತಂಪು, ಅಲ್ಲಿ ಮಲಗಬೇಕು."

ಶರೋನ್ ಮುಖ ನೋಡಬೇಕಿತ್ತು. ನಾನು ನಡುವೆ ಬಾಯಿ ಹಾಕಿ ಗಾಳಿಯ ದಿಕ್ಕು, ಮಾಡಿನ ಎತ್ತರ ಅಂತ ಎಂತೆಂತದೋ ಹೇಳಿದೆ. ನಾನು ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ ಅಂತ ನನಗೂ ಗೊತ್ತು. ಅವರು ಹೋದ ಮೇಲೆ ಹೇಳಿದೆ, "ಎಲ್ಲ ಹೇಳಲಿಕ್ಕಿಲ್ಲ ಮಾರಾಯ್ತಿ, ನಾವು ಇಲ್ಲಿ ಮಾದರಿ."

"ಮಾದರಿ ನೀವು ಆಗಿ," ಅಂದಳು. "ನಾನು ಸೆಕೆಗೆ ಬೆವರುವವಳು."

ಏಪ್ರಿಲ್ 22, ಮಂಗಳವಾರ

ಈಸ್ಟರ್ ಮುಗಿಯಿತು. ರೀನಾ ಮತ್ತು ಅಳಿಯ ಬಂದು ಹೋದರು.

ಒಂದು ತಮಾಷೆ ಗೊತ್ತುಂಟಾ? ವೆರೊನಿಕಾ ಚಹಾಕ್ಕೆ ಸಕ್ಕರೆ ಹಾಕುವುದೇ ಇಲ್ಲ. ಯಾವಾಗ ಬಿಟ್ಟದ್ದು ಅಂತ ಕೇಳಿದರೆ, "ನಿಮ್ಮ ಅಮ್ಮ ತೀರಿದ ವರ್ಷ." ಅಷ್ಟು ಮೆಸೇಜು, ಅಷ್ಟು ವೀಡಿಯೊ ಕಾಲು, ಚಹಾಕ್ಕೆ ಸಕ್ಕರೆ ಇಲ್ಲ ಅನ್ನುವುದು ಒಮ್ಮೆಯೂ ಬಂದಿಲ್ಲ. ನಾನು ಒಂದು ವಾರದಿಂದ ಅವಳಿಗೆ ಸಿಹಿ ಚಹಾ ಮಾಡಿ ಕೊಡ್ತಿದ್ದೆ. ಅವಳು ಸುಮ್ಮನೆ ಕುಡೀತಿದ್ದಳು. ನೆಂಟರ ಮನೆಯಲ್ಲಿ ಕುಡಿದ ಹಾಗೆ!

ನಾನೂ ಅವಳಿಗೆ ನೆಂಟನೇ. ಸ್ನಾನಕ್ಕೆ ಹೋಗುವಾಗ, "ನೀವು ಮೊದಲು ಹೋಗ್ತೀರಾ?" ಅಂತ ಕೇಳ್ತಾಳೆ. ಅಂಬವ್ವನ ಹತ್ತಿರ ಮಾತ್ರ ಮಾತೇ ಮಾತು. ಅಂಬವ್ವ ಅಂದರೆ ಕೊಪ್ಪಳದ ಕಡೆಯವಳು, ಹುಲ್ಲು ನೆಡುವ ಹೆಂಗಸರ ಗುಂಪಿಗೆ ಮುಖ್ಯಸ್ಥೆ. ಊಟದ ಹೊತ್ತಿಗೆ ನಮ್ಮ ಹಿಂದಿನ ಜಗಲಿಗೆ ಬಂದು ಕೂರ್ತಾಳೆ. ಇವಳದ್ದು ಗುಳ್ಳದ ಸಾಂಬಾರು, ಅವಳದ್ದು ರೊಟ್ಟಿ. ನಾನು ಹೋದರೆ ಇಬ್ಬರೂ ಮಾತು ನಿಲ್ಲಿಸ್ತಾರೆ.

ಮಟ್ಟುವಿನ ಗುಳ್ಳ ಅದು, ನಮ್ಮ ಕಡೆಯ ದುಂಡು ಬದನೆ. ಮೊನ್ನೆ ಉಡುಪಿಗೆ ಹೋದಾಗ ನಾನೇ ತಂದದ್ದು. ಅವಳಿಗೆ ಇಷ್ಟ ಅಂತ ಇದೊಂದು ನನಗೆ ಗೊತ್ತಿತ್ತು.

ಏಪ್ರಿಲ್ 30, ಬುಧವಾರ

ಬಿಸಿಲು ಅಂದರೆ ಬಿಸಿಲು. ಕೋರೆಯ ನೀರು ಇಳೀತಾ ಉಂಟು. ಹದಿನೆಂಟು ಗುಳಿಯ ಮೈದಾನ ಬೇಡ, ಒಂಬತ್ತು ಸಾಕು, ಉಳಿದ ಪದವು ಇದ್ದ ಹಾಗೇ ಇರಲಿ ಅಂತ ನಾನು ಜೇಮ್ಸ್ ಸರ್ ಹತ್ತಿರ ಹಟ ಹಿಡಿದದ್ದು ಎಷ್ಟು ಒಳ್ಳೆಯದಾಯಿತು. ಜೇಮ್ಸ್ ಸರ್ ಅಂದರೆ ಈ ಪ್ರಾಜೆಕ್ಟಿನ ಹೆಡ್, ಅಂಬಲಪಾಡಿಯಲ್ಲಿ ಮನೆ. ಅವರು ಆಗ, "ಆಸ್ಟಿನ್, ಬೋಳು ಪದವು ನೋಡಿ ಯಾರು ದುಡ್ಡು ಕೊಡ್ತಾರೆ?" ಅಂದಿದ್ದರು. ಮಳೆಗಾಲದಲ್ಲಿ ಬಂದು ನೋಡ್ಲಿ, ಅವರಿಗೇ ಗೊತ್ತಾಗ್ತದೆ.

ಸುಸ್ತು. ಇನ್ನು ಮಲಗುವುದು.

ಮೇ 8, ಗುರುವಾರ

ಹೇಗೆ ಹೇಳುವುದು ಇದನ್ನು! ಸಿಟ್ಟು ಇನ್ನೂ ಇಳಿದಿಲ್ಲ. ಪಂಪ್ ಶೆಡ್ಡಿನ ಹಿಂದೆ ನಿಂತು ಮಾತಾಡ್ತಾ ಇದ್ದೇನೆ.

ಈ ವಸತಿಯಲ್ಲಿ ಒಂದು ನಿಯಮ ಉಂಟು: ಹೊರಗೆ ಕಾಣುವ ಹಾಗೆ ಬಟ್ಟೆ ಹರವಲಿಕ್ಕಿಲ್ಲ, ಏನೂ ಒಣಗಿಸಲಿಕ್ಕಿಲ್ಲ. ಮೈದಾನದ ಅಂದ ಕೆಡ್ತದೆ. ಹಿಂದಿನ ಬದಿಯಲ್ಲಿ ಒಣಗಿಸುವ ಅಂದರೆ ಬಿಸಿಲೇ ಇಲ್ಲ, ಮರ ಕಡಿಯದೆ ಮನೆ ಕಟ್ಟಿದ್ದು ಅಲ್ವಾ, ಪೂರ್ತಿ ನೆರಳು. ಬಟ್ಟೆಗೆ ಅಂತ ಒಂದು ಕರೆಂಟಿನ ಮೆಶಿನ್ ಕೊಟ್ಟಿದ್ದಾರೆ. ವೆರೊನಿಕಾ ಮೊದಲ ದಿನವೇ ಕೇಳಿದ್ದಳು, "ಇಷ್ಟು ಬಿಸಿಲು ಇಟ್ಟುಕೊಂಡು ಅಂಗಿ ಒಣಗಿಸಲಿಕ್ಕೆ ಕರೆಂಟಾ? ಇದು ಯಾವ ಪರಿಸರ?" ನಾನು ಮಾತು ಮರೆಸಿದ್ದೆ.

ಇವತ್ತು ನಾನು ಸಾಮಾನು ತರಲಿಕ್ಕೆ ಕಾರ್ಕಳ ಪೇಟೆಗೆ ಹೋಗಿದ್ದೆ. ಇಲ್ಲಿ ಇವಳು ಮತ್ತು ಅಂಬವ್ವ ಸೇರಿ ಹಲಸಿನ ಹಪ್ಪಳ ಒತ್ತಿದ್ದಾರೆ. ಒಣಗಿಸಲಿಕ್ಕೆ ಜಾಗ ಬೇಕಲ್ಲ. ಮನೆಯೆದುರೇ ಉಂಟಲ್ಲ ಮೂರನೇ ಗ್ರೀನು! ಗ್ರೀನ್ ಅಂದರೆ ಗೋಲ್ಫಿನಲ್ಲಿ ಚೆಂಡು ಬೀಳುವ ಗುಳಿಯ ಸುತ್ತ ಇರುವ ಹುಲ್ಲು. ಅದನ್ನು ದಿನಾ ಕತ್ತರಿಸಿ ರತ್ನಗಂಬಳಿಯ ಹಾಗೆ ಇಡಬೇಕು. ಮಕ್ಕಳನ್ನು ಸಾಕಿದ ಹಾಗೆ ಸಾಕಿದ್ದು ನಾನು ಅದನ್ನು. ಅದರ ಮೇಲೆ ದೊಡ್ಡ ಪ್ಲಾಸ್ಟಿಕ್ ಹಾಳೆ ಹಾಸಿ, ಸಾಲು ಸಾಲು ಹಪ್ಪಳ!

ಬಿಸಿಲಿಗೆ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಹುಲ್ಲು ಬೆಂದೇ ಹೋಯಿತು. ನಾನು ಬಂದು ಎತ್ತಿ ನೋಡಿದರೆ ಚಾಪೆಯಷ್ಟು ಉದ್ದಕ್ಕೆ ಹಳದಿ. ಭಾನುವಾರ ಜೇಮ್ಸ್ ಸರ್ ಗಿರಾಕಿಗಳನ್ನು ಕರ್ಕೊಂಡು ಬರುವವರು.

ಬೈದೆ. ತುಂಬಾ ಬೈದೆ. "ತಲೆ ಉಂಟಾ ನಿನಗೆ? ಇದು ನಿನ್ನ ಅಪ್ಪನ ಅಂಗಳವಾ?" ಅಂತೆಲ್ಲ. ಅಪ್ಪನ ಹೆಸರು ತೆಗೀಬಾರದಿತ್ತು. ಅಂಬವ್ವ ನಡುವೆ ಬಂದು, "ಸಾಹೇಬ್ರ, ಅಕ್ಕಾರಿಗಿ ಬೈಬ್ಯಾಡ್ರಿ. ಇಷ್ಟ್ ಸಪಾಟ ಜಾಗಾ ಐತಲ್ಲ ಅಂತ ನಾನ ಹೇಳಿದ್ದು," ಅಂದಳು. ಅವಳಿಗೂ ಎರಡು ಮಾತು ಬಿತ್ತು.

ವೆರೊನಿಕಾ ಹಾಳೆಯ ಹತ್ತಿರ ಕೂತಳು. ಹಪ್ಪಳ ಎಲ್ಲ ಒಂದೊಂದಾಗಿ ಎಬ್ಬಿಸಿ ಮೊರಕ್ಕೆ ಹಾಕಿಕೊಂಡು ಒಳಗೆ ಹೋದಳು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗ್ತಾಳೆ ಅಂತ ಕಾಣ್ತದೆ. ಮಳೆಯನ್ನೂ ಕಾಯಲಿಕ್ಕಿಲ್ಲ.

ಮೇ 9, ಶುಕ್ರವಾರ

ಹೋಗಲಿಲ್ಲ.

ಬೆಳಿಗ್ಗೆ ಪಂಪ್ ಚಾಲೂ ಮಾಡಿ ಬಂದೆ. ಚಹಾ ಇಟ್ಟಳು, ಎದುರು ಕೂತಳು. ನಾನು ನೆಲ ನೋಡ್ತಾ ಇದ್ದೆ. ಅವಳೇ ಹೇಳಿದಳು, "ಮದುವೆ ಆದ ಮೇಲೆ ನೀವು ನನಗೆ ಬೈದದ್ದು ಇದೇ ಮೊದಲು."

ನಾನು, "ಹೌದಾ?"

"ಹೌದು. ರಜೆಯಲ್ಲಿ ಬಂದರೆ ಹೋಗುವ ದಿನ ಹತ್ತಿರ ಇರ್ತಿತ್ತು, ಬೈಯಲಿಕ್ಕೆ ಪುರುಸೊತ್ತು ಎಲ್ಲಿ? ಫೋನಿನಲ್ಲಿ ನೀವು ಯಾವತ್ತೂ ಒಳ್ಳೆಯವರು. ನಾನೂ ಒಳ್ಳೆಯವಳು. ಪಕ್ಕದ ಬೇಬಿ ಬಾಯಿ ಮನೆಯಲ್ಲಿ ಅವರ ಗಂಡ ಬೈಯುವುದು ನಮ್ಮ ಅಡುಗೆಮನೆಗೆ ಕೇಳ್ತಿತ್ತು. ನಾನು ಒಲೆ ಸಣ್ಣ ಮಾಡಿ ಕೇಳ್ತಿದ್ದೆ."

"ನಿನಗೆ ಬೇಜಾರು ಆಗಲಿಲ್ಲವಾ?"

"ಆಯಿತು, ಯಾಕೆ ಆಗುವುದಿಲ್ಲ? ಅಪ್ಪನ ವಿಷಯ ಇನ್ನೊಮ್ಮೆ ತೆಗೆದರೆ ಹಪ್ಪಳದ ಮಣೆಯಲ್ಲೇ ಕೊಡ್ತೇನೆ. ಈಗ ಹೇಳಿ, ಆ ಹುಲ್ಲಿಗೆ ಎಂತ ಮಾಡುವುದು?"

ಹೆಂಗಸರ ವಿಷಯ ನನಗೆ ಅರ್ಥ ಆಗುವುದಿಲ್ಲ. ಚಹಾ ಮಾತ್ರ ಸರಿಯಾಗಿತ್ತು ಇವತ್ತು, ನನಗೆ ಎಷ್ಟು ಸಕ್ಕರೆ ಬೇಕೋ ಅಷ್ಟೇ.

ಮೇ 11, ಭಾನುವಾರ

ನಿನ್ನೆ ಇಡೀ ದಿನ ಮೂರನೇ ಗ್ರೀನಿನಲ್ಲಿ ಮೊಣಕಾಲೂರಿ ಕೂತಿದ್ದೆವು. ನಾನು, ವೆರೊನಿಕಾ, ಅಂಬವ್ವ. ಬೆಂದ ಹುಲ್ಲನ್ನು ಮಣ್ಣು ಸಮೇತ ಕತ್ತರಿಸಿ ತೆಗೆದು, ಪಾತಿಯಿಂದ ಹೊಸ ಹುಲ್ಲಿನ ತುಂಡು ತಂದು ಇಟ್ಟು ಬಡಿಯುವುದು. ತುಂಡು ತುಂಡಿಗೆ ಬಿರುಕು ಬಿಡದ ಹಾಗೆ ಕೂರಿಸಬೇಕು. ವೆರೊನಿಕಾ ಬೆರಳಿನಿಂದ ಒತ್ತಿ ಒತ್ತಿ ನೋಡ್ತಿದ್ದಳು. "ನೀವು ಅಲ್ಲಿ ಇದನ್ನೇ ಮಾಡ್ತಿದ್ದದ್ದಾ?" ಅಂತ ಕೇಳಿದಳು. ಇದನ್ನೇ. "ನಾನು ಎಂತದೋ ದೊಡ್ಡ ಆಫೀಸ್ ಅಂತ ಗ್ರಹಿಸಿದ್ದೆ," ಅಂದು ನಕ್ಕಳು. ಅಂಬವ್ವನೂ ನಕ್ಕಳು. ನಾನೂ.

ಎಷ್ಟು ಮಾಡಿದರೂ ತೇಪೆ ಹಾಕಿದ್ದು ಕಾಣ್ತಿತ್ತು. ಇವತ್ತು ಜೇಮ್ಸ್ ಸರ್ ಕಾರಿನಿಂದ ಇಳಿದವರೇ, "ಇದೇನು ಆಸ್ಟಿನ್?" ಅಂತ ಕೇಳಿದರು.

ನಾನು, "ಸ್ಪ್ರಿಂಕ್ಲರ್ ಕೈ ಕೊಟ್ಟಿತು ಸರ್," ಅಂದೆ.

ಹಿಂದಿನಿಂದ ವೆರೊನಿಕಾ, ಕೈಯಲ್ಲಿ ತಟ್ಟೆ, "ಸ್ಪ್ರಿಂಕ್ಲರ್ ಅಲ್ಲ ಸರ್, ಹಪ್ಪಳ. ತಿನ್ನಿ."

ಬಂದವರೆಲ್ಲ ಎದುರಿಗೇ ಇದ್ದರು. ಇವಳು ಎಲ್ಲ ಹೇಳಿದಳು: ಹಿಂದೆ ಬಿಸಿಲಿಲ್ಲ, ಮುಂದೆ ನಿಯಮ, ಇನ್ನು ಎಲ್ಲಿ ಒಣಗಿಸುವುದು, ನೀವೇ ಹೇಳಿ. "ತಪ್ಪು ನನ್ನದು ಸರ್. ಆದರೆ ಮನೆ ಕಟ್ಟಿದವರದ್ದೂ ಸ್ವಲ್ಪ ಉಂಟು." ನನ್ನ ಕೆಲಸ ಹೋಯಿತು ಅಂತ ನಾನು ಗುಳಿಯೊಳಗೆ ನೋಡ್ತಾ ನಿಂತೆ.

ಜೇಮ್ಸ್ ಸರ್ ಒಂದು ಹಪ್ಪಳ ಮುರಿದು ಬಾಯಿಗೆ ಹಾಕಿದರು. ಜಗಿದರು. "ಖಾರ ಸ್ವಲ್ಪ ಜಾಸ್ತಿ," ಅಂದರು. ಆಮೇಲೆ ಇನ್ನೊಂದು ತಗೊಂಡರು. ಬಂದವರಲ್ಲಿ ಮಸ್ಕತ್ತಿನಿಂದ ಊರಿಗೆ ಬರುವ ಗಂಡ ಹೆಂಡತಿ ಇದ್ದರು. ಆ ಹೆಂಗಸು ಹೇಳಿದರು, "ಇವರು ಹೇಳುವುದು ಸರಿ. ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಮನೆಯಲ್ಲಿ ಮಸಾಲೆಗೆ ಮೆಣಸು ಒಣಗಿಸುವುದು ಎಲ್ಲಿ?"

ಮೇ 18, ಭಾನುವಾರ

ಮನೆಯ ಪಡುಬದಿಯಲ್ಲಿ ಬಿಸಿಲು ಬೀಳುವಲ್ಲಿ, ಬಿದಿರಿನ ತಟ್ಟಿ ಕಟ್ಟಿ ಒಣಗಿಸುವ ಅಂಗಳ ಮಾಡಿದರು. ಇನ್ನು ಎಲ್ಲ ಮನೆಗೂ ಹೀಗೇ ಅಂತೆ. ಕರೆಂಟಿನ ಮೆಶಿನ್ ವಾಪಾಸು. ಶರೋನ್ ಅದನ್ನು ಆಗಲೇ ಜಾಹೀರಾತಿಗೆ ಹಾಕಿದ್ದಾಳೆ, ಚಂದದ ಹೆಸರು ಬೇರೆ ಇಟ್ಟಿದ್ದಾಳೆ. "ಆಂಟಿ, ನೀವು ಮುಂದಿನ ಭಾನುವಾರ ಗಿರಾಕಿಗಳ ಎದುರು ಹಪ್ಪಳ ಒತ್ತಿ ತೋರಿಸ್ತೀರಾ?" ಅಂತ ಕೇಳಿದಳು.

"ಹಪ್ಪಳ ಬೇಕಾದರೆ ಕೊಡ್ತೇನೆ ಮಗಾ. ನಾಟಕ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ," ಅಂದಳು ಇವಳು. ನಾನು ಈ ಸಲ ನಡುವೆ ಬಾಯಿ ಹಾಕಲಿಲ್ಲ.

ಅಂಗಳದಲ್ಲಿ ನನ್ನ ಅಂಗಿ, ಅವಳ ನೈಟಿ ಒಂದೇ ಹಗ್ಗದಲ್ಲಿ ಇದ್ದವು. ಫೋಟೊ ತೆಗೆದೆ. ಯಾರಿಗೂ ಕಳಿಸಲಿಕ್ಕಲ್ಲ.

ಮೇ 21, ಬುಧವಾರ

ಮಸ್ಕತ್ತಿನವರು ಮನೆ ತಗೊಂಡರು. ಬೇರೆ ಮನೆ ಕಟ್ಟುವವರೆಗೆ ಕಾಯುವುದಿಲ್ಲವಂತೆ, ಇದೇ ಬೇಕಂತೆ. ತಿಂಗಳ ಕೊನೆಗೆ ಬಿಡಬೇಕು.

ಶರೋನ್‌ಗೆ ಭಾರೀ ಖುಷಿ. "ಎಲ್ಲ ಆಂಟಿಯಿಂದ!"

ನನಗೆ ಸೈಟಿನ ಹಿಂದೆ ಕ್ವಾರ್ಟರ್ಸಿನಲ್ಲಿ ಜಾಗ ಉಂಟಂತೆ. ಪಂಪಿನ ರಾಮಲಿಂಗನ ಕೋಣೆಯಲ್ಲಿ ಒಂದು ಮಂಚ. ಒಂದೇ. ವೆರೊನಿಕಾಗೆ ಹೇಳಿದೆ. "ಸರಿ," ಅಂದಳು. ಅಷ್ಟೇ.

ಮೇ 25, ಭಾನುವಾರ

ಮಳೆ.

ಮೊನ್ನೆಯಿಂದ ಬಿಡದೆ ಸುರೀತಾ ಉಂಟು. ಈ ವರ್ಷ ಬೇಗ. ಕೋರೆ ಅರ್ಧ ತುಂಬಿತು. ನಾವು ಬಿಟ್ಟ ಬೋಳು ಪದವಿನಲ್ಲಿ, ಕಲ್ಲಿನ ಸಂದು ಸಂದಿನಲ್ಲಿ ಹಸಿರು ಮುಳ್ಳಿನ ಹಾಗೆ ಎದ್ದಿದೆ. ಯಾರೂ ನೆಟ್ಟದ್ದಲ್ಲ. ಜೇಮ್ಸ್ ಸರ್ ಕೊಡೆ ಹಿಡ್ಕೊಂಡು ಬಂದು ನಿಂತು ನೋಡಿದರು. ಫೋಟೊ ತುಂಬಾ ತೆಗೆದರು.

ನಾವಿಬ್ಬರೂ ಜಗಲಿಯಲ್ಲಿ ಕೂತಿದ್ದೆವು. ಮಳೆಯ ಸದ್ದಿಗೆ ಮಾತು ಕೇಳುವುದಿಲ್ಲ. ಮಳೆ ಹಿಡಿದರೆ ಹೋಗ್ತೇನೆ ಅಂದಿದ್ದಳಲ್ಲ, ನಾನು ಜೋರಾಗಿ ಹೇಳಿದೆ, "ಇದು ಮುಂಗಾರು ಅಲ್ಲ. ಸಮುದ್ರದಲ್ಲಿ ಎಂತದೋ ವಾಯುಭಾರ ಕುಸಿತ ಅಂತೆ."

ಅವಳು ಮಾಡಿನಿಂದ ಸುರಿಯುವ ನೀರಿಗೆ ಕೈ ಒಡ್ಡಿದಳು. "ಹೌದು," ಅಂದಳು. "ಇದೆಲ್ಲ ಒಂದು ಮಳೆಯಾ?"

ಅಂಗಳ ಹೊಳೆ ಆಗಿತ್ತು.

ಮೇ 30, ಶುಕ್ರವಾರ

ಸಾಮಾನು ಕಟ್ಟಿದೆವು. ಬಂದದ್ದಕ್ಕಿಂತ ಜಾಸ್ತಿ ಆಗಿದೆ, ಹಪ್ಪಳದ ಡಬ್ಬವೇ ನಾಲ್ಕು.

ಬೆಳಿಗ್ಗೆ ನಾನು ಜೇಮ್ಸ್ ಸರ್ ಹತ್ತಿರ ಮಾತಾಡಿದೆ. ಮಳೆಗಾಲದಲ್ಲಿ ನೀರು ಬಿಡುವ ಕೆಲಸ ಇಲ್ಲ, ಏಳು ಗಂಟೆಗೆ ಬಂದರೆ ಸಾಕು. ಉದ್ಯಾವರದಿಂದ ಸ್ಕೂಟರಿನಲ್ಲಿ ಓಡಾಡಬಹುದು. ಬೇಸಿಗೆಯಲ್ಲಿ ನೀರು ಬಿಡುವುದನ್ನು ರಾಮಲಿಂಗನಿಗೆ ಕಲಿಸ್ತೇನೆ ಅಂದೆ. "ಅಷ್ಟು ದೂರವಾ? ಈ ಮಳೆಯಲ್ಲಿ? ವಯಸ್ಸು ಐವತ್ತು ಆಯಿತಲ್ಲ ಆಸ್ಟಿನ್," ಅಂದರು. "ಅದಕ್ಕೇ ಸರ್," ಅಂದೆ.

ಆದರೆ ಕೇಳಬೇಕಾದದ್ದು ಜೇಮ್ಸ್ ಸರ್ ಹತ್ತಿರ ಅಲ್ವಲ್ಲ. ಮಧ್ಯಾಹ್ನ ಊಟ ಆದ ಮೇಲೆ ಕೇಳಿದೆ.

"ನಾನೂ ಬರಲಾ, ಉದ್ಯಾವರಕ್ಕೆ?"

ಪಾತ್ರೆ ಒರೆಸ್ತಾ ಇದ್ದಳು. "ಮನೆ ನಿಮ್ಮದೇ ಅಲ್ವಾ?"

"ಕಟ್ಟಿಸಿದ್ದು ನಾನು. ಇದ್ದದ್ದು ನೀನು. ಅದಕ್ಕೆ ಕೇಳ್ತಾ ಇದ್ದೇನೆ."

ಒರೆಸಿದ ಪಾತ್ರೆಯನ್ನೇ ಪುನಃ ಒರೆಸಿದಳು. "ನನಗೆ ಅಲ್ಲಿ ಒಬ್ಬಳೇ ಇದ್ದು ಅಭ್ಯಾಸ. ರೇಡಿಯೊ ಜೋರಾಗಿ ಹಾಕ್ತೇನೆ. ಕೆಲವು ದಿನ ಗಂಜಿ ಮಾತ್ರ ಮಾಡ್ತೇನೆ. ನಿಮ್ಮ ಕೋಣೆಯಲ್ಲಿ ತೆಂಗಿನಕಾಯಿ ಉಂಟು."

"ತೆಂಗಿನಕಾಯಿ ಹೊರಗೆ ಹಾಕುವ."

"ಹೊರಗೆ ಮಳೆ."

"ಹಾಗಾದರೆ ತೆಂಗಿನಕಾಯಿ ಜೊತೆ ಮಲಗ್ತೇನೆ, ಮಾರಾಯ್ತಿ."

ನಕ್ಕಳು. ನಕ್ಕು ಮುಖ ಆಚೆ ತಿರುಗಿಸಿದಳು. ಸಂಜೆ ನೋಡಿದರೆ ನನ್ನ ಅಂಗಿಗಳು ಅವಳ ಚೀಲದಲ್ಲಿ ಇದ್ದವು. ಮಡಚುವಾಗ ತಪ್ಪಿ ಸೇರಿದ್ದಾ, ಬೇಕಂತ ಹಾಕಿದ್ದಾ, ನಾನು ಕೇಳಲಿಲ್ಲ.

ಜೂನ್ 1, ಭಾನುವಾರ

ಉದ್ಯಾವರ. ಜಾಸ್ತಿ ಹೊತ್ತಿಲ್ಲ, ತೆಂಗಿನಕಾಯಿ ಸಾಗಿಸಲಿಕ್ಕೆ ಕರೀತಾ ಇದ್ದಾಳೆ.

ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ನಾನು ಬಾವಿಕಟ್ಟೆಯ ಹತ್ತಿರ ಸ್ಕೂಟರ್ ಒರೆಸ್ತಾ ಇದ್ದೆ. ಪಕ್ಕದ ಬೇಬಿ ಬಾಯಿ ಕಂಪೌಂಡಿನ ಮೇಲೆ ತಲೆ ಹಾಕಿದರು. ನಮ್ಮ ಕಡೆ ಗಲ್ಫಿನವನನ್ನು ನೋಡಿದರೆ ಎಲ್ಲರೂ ಕೇಳುವುದು ಒಂದೇ. ಚೆನ್ನಾಗಿದ್ದೀಯಾ ಅಂತಲ್ಲ.

"ಓಹೋ, ಆಸ್ಟಿನ್ ಬಾಬ್! ಯಾವಾಗ ಬಂದದ್ದು? ವಾಪಾಸು ಯಾವಾಗ?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆ ಕಿಟಕಿಯಿಂದ ವೆರೊನಿಕಾ ಹೇಳಿದಳು. ಎರಡು ಮನೆ ಆಚೆಗೂ ಕೇಳುವಷ್ಟು ಜೋರಾಗಿ.

"ವಾಪಾಸು ಇಲ್ಲ ಬೇಬಿ ಬಾಯಿ. ನಾಳೆಯಿಂದ ಬೆಳಿಗ್ಗೆ ಹೋಗ್ತಾರೆ, ಸಂಜೆ ಬರ್ತಾರೆ."